ಪಿ53ರ ಹಿಡಿತ ತಪ್ಪುವುದು ಎಲ್ಲಿ?

ಮನುಷ್ಯರ ಕ್ಯಾನ್ಸರ್ ಗಡ್ಡೆಗಳಲ್ಲಿ ಬೇರೆ ಯಾವುದಕ್ಕಿಂತಲೂ ಹೆಚ್ಚಾಗಿ ಕೆಟ್ಟಿರುವುದು ಪಿ53 ಎಂಬ ಪ್ರೋಟೀನಿನ ಜೀನ್. 393 ಅಮೈನೊ ಆಮ್ಲಗಳ ಸರಪಳಿಯಲ್ಲಿ ಒಂದೇ ಕೊಂಡಿ ಬದಲಾದರೂ ಸಾಕು. ಆ ಬದಲಾವಣೆಯೂ ಎಲ್ಲೆಂದರಲ್ಲಿ ಆಗುವುದಿಲ್ಲ. 175, 248, 249, 273, 282: ರೋಗಿಗಳ ಮಾದರಿಗಳಲ್ಲಿ ಇವೇ ಸ್ಥಾನಗಳು ಮತ್ತೆ ಮತ್ತೆ ಎದುರಾಗುತ್ತಿದ್ದವು. ಇವೇ ಏಕೆ?

ಪಿ53 ಕಣ್ಣಿಗೆ ಬಿದ್ದದ್ದು 1979ರಲ್ಲಿ. ಎಸ್‌ವಿ40 ವೈರಸ್ ಹೊಕ್ಕ ಕೋಶಗಳಲ್ಲಿ, ವೈರಸ್ಸಿನ ಪ್ರೋಟೀನಿಗೆ ಅಂಟಿಕೊಂಡಿತ್ತು. ಲಂಡನ್ನಿನಲ್ಲಿ ಡೇವಿಡ್ ಲೇನ್, ಪ್ರಿನ್ಸ್‌ಟನ್ನಿನಲ್ಲಿ ಆರ್ನಾಲ್ಡ್ ಲೆವಿನ್ ಅದನ್ನು ಬೇರೆಬೇರೆಯಾಗಿ ಕಂಡರು. ಅಲ್ಲಿಂದ ಹತ್ತು ವರ್ಷ ಅದನ್ನು ಕ್ಯಾನ್ಸರ್ ತರುವ ಪ್ರೋಟೀನೆಂದೇ ನಂಬಲಾಗಿತ್ತು. ಪ್ರಯೋಗಾಲಯಗಳಲ್ಲಿ ಬಳಸುತ್ತಿದ್ದ ಜೀನಿನ ಪ್ರತಿಗಳೇ ಕೆಟ್ಟವಾಗಿದ್ದುದು ಅದಕ್ಕೆ ಕಾರಣ. 1989ರ ಹೊತ್ತಿಗೆ ಬರ್ಟ್ ವೋಗೆಲ್‌ಸ್ಟೈನ್ ಮತ್ತಿತರರ ಕೆಲಸದಿಂದ ಚಿತ್ರ ತಿರುಗಿತು: ಸರಿಯಾದ ಪಿ53 ಕ್ಯಾನ್ಸರನ್ನು ತಡೆಯುತ್ತದೆ. ಡಿಎನ್‌ಎಯ ನಿಶ್ಚಿತ ಜಾಗಗಳನ್ನು ಹಿಡಿದು, ಕೋಶ ವಿಭಜನೆಯನ್ನು ನಿಲ್ಲಿಸುವ ಜೀನ್‌ಗಳ ನಕಲು ತೆಗೆಯುವ ಕೆಲಸಕ್ಕೆ ಅದು ಚಾಲನೆ ಕೊಡುತ್ತದೆ.

ಆದರೆ ಹಿಡಿಯುವುದು ಹೇಗೆ? ಅದನ್ನು ನೋಡಲು ಹರಳು ಬೇಕು, ಪಿ53 ಹರಳುಗಟ್ಟಲು ಒಲ್ಲದು. ಅದರ ಎರಡೂ ತುದಿಗಳು ಸಡಿಲವಾದ ದಾರದಂತೆ ಅಲೆದಾಡುತ್ತವೆ. ಹರಳಿಗೆ ಬೇಕಾದದ್ದು ಒಂದೇ ಆಕಾರದ ಕಣಗಳ ಅಚ್ಚುಕಟ್ಟಾದ ಜೋಡಣೆ. ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ನಿಕೋಲಾ ಪಾವ್ಲೆಟಿಚ್ ಅವರ ತಂಡ ಪ್ರೋಟೀನನ್ನು ಕತ್ತರಿಸುವ ಕಿಣ್ವವನ್ನು ಅದರ ಮೇಲೆ ಬಿಟ್ಟಿತು. ಸಡಿಲ ಭಾಗಗಳು ಕರಗಿ ಗಟ್ಟಿ ತಿರುಳು ಉಳಿಯಿತು, ಡಿಎನ್‌ಎ ಹಿಡಿಯುವ ಭಾಗವೇ ಅದು. ಅದನ್ನು ಡಿಎನ್‌ಎಯ ಪುಟ್ಟ ತುಣುಕಿನೊಂದಿಗೆ ಹರಳಾಗಿಸಿ, ಎಕ್ಸ್-ಕಿರಣ ಹಾಯಿಸಿ, ಚದುರಿದ ಚುಕ್ಕಿಗಳಿಂದ ಪರಮಾಣುಗಳ ನೆಲೆಯನ್ನು ಲೆಕ್ಕ ಹಾಕಿದರು. 1994ರಲ್ಲಿ ಪ್ರಕಟವಾದ ಆ ಚಿತ್ರದ ಸ್ಪಷ್ಟತೆ 2.2 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು).

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮೈನವಿರೇಳಿಸುವ ಘಟ್ಟ ಇದು. 248ನೇ ಸ್ಥಾನದ ಅಮೈನೊ ಆಮ್ಲ ಆರ್ಜಿನಿನ್, ಡಿಎನ್‌ಎಯ ಕಿರಿದಾದ ಕಾಲುವೆಯೊಳಗೆ ಬೆರಳಿನಂತೆ ಇಳಿದಿತ್ತು. 273ನೆಯದು ಡಿಎನ್‌ಎಯ ಬೆನ್ನಿನ ಫಾಸ್ಫೇಟನ್ನು ಮುಟ್ಟಿತ್ತು. 175, 249, 282 ಡಿಎನ್‌ಎಯನ್ನು ಮುಟ್ಟುವುದೇ ಇಲ್ಲ. ಮುಟ್ಟುವ ಬೆರಳುಗಳನ್ನು ನೆಟ್ಟಗೆ ನಿಲ್ಲಿಸುವ ಆಧಾರಗಳು ಅವು. ಅವುಗಳಲ್ಲಿ 175 ಇರುವುದು ಪ್ರೋಟೀನನ್ನು ಬಿಗಿದಿಟ್ಟ ಸತುವಿನ ಪರಮಾಣುವಿನ ಪಕ್ಕದಲ್ಲಿ. ಆಸ್ಪತ್ರೆಗಳಿಂದ ಬಂದ ಅಂಕಿಗಳ ಪಟ್ಟಿಗೆ ಅಂದು ಅರ್ಥ ಬಂತು.

249ರ ಹಿಂದೆ ಊಟದ ತಟ್ಟೆಯ ಕಥೆಯೂ ಇದೆ. ಬೂಷ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳಗಳಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಹೆಚ್ಚಾಗಿ ಹೊಟ್ಟೆ ಸೇರುವ ಚೀನಾ ಮತ್ತು ಆಫ್ರಿಕಾದ ಕೆಲವು ಪ್ರದೇಶಗಳ ಯಕೃತ್ತಿನ ಕ್ಯಾನ್ಸರಿನಲ್ಲಿ ಈ ಸ್ಥಾನವೇ ಕೆಟ್ಟಿರುವುದು 1991ರಲ್ಲೇ ತಿಳಿದಿತ್ತು. ಆ ವಿಷ ಕೆಡವುತ್ತಿದ್ದದ್ದು ಯಾವ ಆಧಾರವನ್ನು ಎಂಬುದನ್ನು ಹರಳು ತೋರಿಸಿತು.

ಆಕಾರ ಗೊತ್ತಾದ ಮೇಲೆ ರಿಪೇರಿಯ ಯೋಚನೆ ಸಹಜವೇ. 220ನೇ ಸ್ಥಾನದಲ್ಲಿ ದೊಡ್ಡ ಟೈರೊಸಿನ್ ಹೋಗಿ ಚಿಕ್ಕ ಸಿಸ್ಟೀನ್ ಬಂದರೆ ಪ್ರೋಟೀನಿನ ಮೈಮೇಲೆ ಒಂದು ಗುಳಿ ಬೀಳುತ್ತದೆ, ಪ್ರೋಟೀನು ಮೈಬಿಸಿಗೇ ಸಡಿಲಗೊಳ್ಳುತ್ತದೆ. ಕೇಂಬ್ರಿಜ್‌ನಲ್ಲಿ ಆ್ಯಲನ್ ಫರ್ಷ್ಟ್ ಅವರ ತಂಡ ಆ ಗುಳಿಗೆ ಹೊಂದುವ ಅಣುವೊಂದನ್ನು 2008ರಲ್ಲಿ ತೋರಿಸಿತು. ಅದೇ ಗುಳಿಯಲ್ಲಿ ಕೂರುವಂತೆ ರೂಪಿಸಿದ ರೆಜಾಟಪಾಪ್ಟ್ ಎಂಬ ಔಷಧ ಈಗ ರೋಗಿಗಳ ಮೇಲಿನ ಪ್ರಯೋಗದ ಹಂತಕ್ಕೆ ಬಂದಿದೆ.