ಗೇಟಿನ ಹತ್ತಿರ ನಿಂತವರ ಮುಖ ಕಾಣುತ್ತಾ?

ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ಬೆಂಗಳೂರಿನಿಂದಲೇ ನೋಡುವ ಹಾಗೆ ಒಂದು ವೈರ್‌ಲೆಸ್ ಕ್ಯಾಮೆರಾ ಹಾಕಿಸಬೇಕು ಎಂದು ನಮ್ಮ ಸಾಗರ, ತೀರ್ಥಹಳ್ಳಿ ಕಡೆಯ ಮಕ್ಕಳು ಫೋನ್ ಮಾಡುತ್ತಾರೆ. ಹೆಚ್ಚಿನವರ ಮೊದಲ ಪ್ರಶ್ನೆ, ಎಷ್ಟು ಮೆಗಾಪಿಕ್ಸೆಲ್ ತಗೊಳ್ಳಲಿ ಅಂತ. ನಾನು ಬೇರೆಯದನ್ನೇ ಕೇಳುತ್ತೇನೆ. ಗೇಟಿನಿಂದ ಬಾಗಿಲಿಗೆ ಎಷ್ಟು ಅಡಿ? ಕ್ಯಾಮೆರಾ ಕೂರಿಸುವ ಜಾಗಕ್ಕೆ ಕರೆಂಟ್ ಎಳೆಯಬಹುದಾ? ಕರೆಂಟ್ ಹೋದಾಗ ನಿಮ್ಮ ರೂಟರ್ ಗತಿ ಏನು?

ವೈರ್‌ಲೆಸ್ ಎಂದು ಮಾರುವುದರಲ್ಲಿ ಎರಡು ಬಗೆ. ಒಂದರಲ್ಲಿ ಚಿತ್ರ ಹೋಗುವುದು ವೈಫೈ ಮೇಲೆ, ಆದರೆ ಕರೆಂಟಿಗೆ ಅಡಾಪ್ಟರ್ ಬೇಕೇ ಬೇಕು. ಇನ್ನೊಂದು ಬ್ಯಾಟರಿಯದು, ಜೊತೆಗೊಂದು ಸಣ್ಣ ಸೋಲಾರ್ ಪ್ಯಾನೆಲ್. ಗೋಡೆ ಕೊರೆಯುವ ರಗಳೆ ಇಲ್ಲ ಅಂತ ಜನಕ್ಕೆ ಎರಡನೆಯದೇ ಇಷ್ಟ. ಆದರೆ ಕರೆಂಟ್ ಎಳೆಯಲು ಸಾಧ್ಯವಿರುವ ಕಡೆ ಬ್ಯಾಟರಿ ಕ್ಯಾಮೆರಾ ಬೇಡ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಚಾರ್ಜ್ ಉಳಿಸಲು ಬ್ಯಾಟರಿ ಕ್ಯಾಮೆರಾ ದಿನದ ಬಹುಪಾಲು ಮಲಗಿರುತ್ತದೆ. ಅದರೊಳಗಿನ ಪಿಐಆರ್ ಸೆನ್ಸರ್ ಮಾತ್ರ ಎಚ್ಚರ. ಅದರ ಮುಂದೆ ಬಿಸಿ ಮೈ ಅಲುಗಾಡಿದರೆ ಸೆನ್ಸರ್ ಕ್ಯಾಮೆರಾವನ್ನು ಎಬ್ಬಿಸುತ್ತದೆ, ಆಮೇಲೆ ರೆಕಾರ್ಡಿಂಗ್ ಶುರು. ಅಷ್ಟರಲ್ಲಿ ಬೈಕಿನವನು ದಾಟಿ ಹೋಗಿರುತ್ತಾನೆ. ಕ್ಲಿಪ್‌ನಲ್ಲಿ ಸಿಗುವುದು ಬೆನ್ನು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲೇ ಅಪರೂಪ. ಸೂರಿನಡಿ ಸಿಕ್ಕಿಸಿದ ಪ್ಯಾನೆಲ್ ಏನು ಚಾರ್ಜ್ ಮಾಡೀತು? ರಾಯಚೂರು, ಕಲಬುರಗಿ ಕಡೆಯ ತೊಂದರೆ ಇದಕ್ಕೆ ಉಲ್ಟಾ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿ ದಾಟಿದರೆ ಚಾರ್ಜ್ ಮಾಡಬಾರದು. ಪಶ್ಚಿಮದ ಗೋಡೆಯ ಮೇಲೆ ಬೇಸಿಗೆಯಲ್ಲಿ ಕ್ಯಾಮೆರಾ ಡಬ್ಬಿ ಅದಕ್ಕಿಂತ ಜಾಸ್ತಿ ಕಾಯುತ್ತದೆ. ಅಲ್ಲಿನ ಮಧ್ಯಾಹ್ನದ ಸೆಖೆಯಲ್ಲಿ ಮನುಷ್ಯನ ಮೈಗೂ ಹಿಂದಿನ ಗೋಡೆಗೂ ಬಿಸಿಯಲ್ಲಿ ಹೆಚ್ಚು ವ್ಯತ್ಯಾಸವೇ ಇರುವುದಿಲ್ಲ, ಹಾಗಾಗಿ ಸೆನ್ಸರ್ ಕೂಡ ಮಂದವಾಗುತ್ತದೆ.

ಬ್ಯಾಟರಿಯದೇ ಗತಿ ಎಂದಾದರೆ ಕೂರಿಸುವ ಕೋನ ಸರಿ ಮಾಡಿ. ಪಿಐಆರ್‌ಗೆ ನೇರ ಎದುರಿನಿಂದ ನಡೆದು ಬರುವವರು ತಡವಾಗಿ ಗೊತ್ತಾಗುತ್ತಾರೆ, ಅಡ್ಡ ಹಾಯುವವರು ತಕ್ಷಣ ಗೊತ್ತಾಗುತ್ತಾರೆ. ಅದಕ್ಕೇ ಬಾಗಿಲ ನೆತ್ತಿಗೆ ಹಾಕಿ ಗೇಟಿಗೆ ನೆಟ್ಟಗೆ ತಿರುಗಿಸುವ ಬದಲು, ಜಗಲಿಯ ಒಂದು ಮೂಲೆಗೆ ಹಾಕಿ ನಡೆಯುವ ದಾರಿ ಅಡ್ಡ ಬರುವ ಹಾಗೆ ಮಾಡಿದರೆ ಅದೇ ಕ್ಯಾಮೆರಾ ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತದೆ.

ಈಗ ಮೆಗಾಪಿಕ್ಸೆಲ್ ಮಾತು. ಅಪರಿಚಿತನ ಮುಖ ಗುರುತು ಹಿಡಿಯಲು ಅವನು ನಿಂತ ಜಾಗದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು, ಪರಿಚಯದವರಾದರೆ 125 ಸಾಕು. ನಮ್ಮ ಕಸುಬಿನಲ್ಲಿ ಬಹುಕಾಲದಿಂದ ಬಳಸುವ ಲೆಕ್ಕ ಇದು. 2 ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಪಿಕ್ಸೆಲ್. ಸುಮಾರು 100 ಡಿಗ್ರಿ ಅಗಲ ನೋಡುವ ಲೆನ್ಸ್ 3 ಮೀಟರ್ ದೂರದಲ್ಲಿ 7 ಮೀಟರ್‌ನಷ್ಟು ಜಾಗ ಹಿಡಿಯುತ್ತದೆ. ಅಂದರೆ ಅಲ್ಲಿ ಮೀಟರಿಗೆ 270 ಪಿಕ್ಸೆಲ್ ಆಸುಪಾಸು, ಮುಖ ಚೆನ್ನಾಗಿ ಸಿಗುತ್ತದೆ. 6 ಮೀಟರ್‌ಗೆ ಹೋದರೆ ಅದು ಅರ್ಧಕ್ಕೆ ಇಳಿಯುತ್ತದೆ. 10 ಮೀಟರ್‌ನಲ್ಲಿ ಯಾರೋ ಬಂದಿದ್ದಾರೆ ಅಂತ ಹೇಳಬಹುದು, ಅಷ್ಟೇ. 4 ಮೆಗಾಪಿಕ್ಸೆಲ್ ತಂದರೂ ಅದೇ ಅಗಲದ ಲೆನ್ಸ್ ಆದರೆ 6 ಮೀಟರ್‌ನಲ್ಲಿ 180 ಮುಟ್ಟುತ್ತದೆ, 250 ಆಗುವುದಿಲ್ಲ. ಗೇಟು 20 ಅಡಿ ದೂರವಿದ್ದರೆ ಅಗಲ ಕಮ್ಮಿ ನೋಡುವ 6 ಎಂಎಂ ಲೆನ್ಸಿನ 2 ಮೆಗಾಪಿಕ್ಸೆಲ್ ಕ್ಯಾಮೆರಾವೇ ವಾಸಿ. ಇಲ್ಲದಿದ್ದರೆ ಕ್ಯಾಮೆರಾವನ್ನೇ ಗೇಟಿನ ಹತ್ತಿರಕ್ಕೆ ತನ್ನಿ. ಎತ್ತರ ಎಂಟು ಅಡಿ ಸಾಕು. ಯಾರೂ ಮುಟ್ಟಬಾರದೆಂದು ಹದಿನೈದು ಅಡಿ ಮೇಲೆ ಹಾಕಿದರೆ ಬರೀ ಟೋಪಿ, ನೆತ್ತಿ ಕಾಣುತ್ತದೆ.

ನೀರಿನ ವಿಷಯಕ್ಕೆ ಪೆಟ್ಟಿಗೆಯ ಮೇಲೆ ಐಪಿ66 (ಧೂಳು, ನೀರು ತಡೆಯುವ ಮಟ್ಟ) ಅಂತ ಇದ್ದರೆ ನಮ್ಮ ಮಳೆಗೆ ಸಾಕು. ಅಡಾಪ್ಟರ್ ಮತ್ತು ವೈರ್ ಸೇರುವ ಜಾಗಕ್ಕೆ ಆ ರಕ್ಷಣೆ ಇರುವುದಿಲ್ಲ, ಅದನ್ನು ಜಂಕ್ಷನ್ ಬಾಕ್ಸ್ ಒಳಗಿಡಿ.

ಪೆಟ್ಟಿಗೆ ಬಂದ ದಿನವೇ ಗೋಡೆಗೆ ಮೊಳೆ ಹೊಡೆಯಬೇಡಿ. ಹಾಕಬೇಕೆಂದಿರುವ ಜಾಗಕ್ಕೆ ಸುಮ್ನೆ ಹಗ್ಗದಲ್ಲಿ ಕಟ್ಟಿ, ವಾಪಸ್ ಕೊಡುವ ಗಡುವಿನೊಳಗೆ ಪರೀಕ್ಷೆ ಮುಗಿಸಿ. ಮೊದಲು ವೈಫೈ. ಈ ಕ್ಯಾಮೆರಾಗಳಲ್ಲಿ ಬಹುತೇಕವು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಜಂಬಿಟ್ಟಿಗೆಯ ದಪ್ಪ ಗೋಡೆ ಎರಡು ದಾಟಿದರೆ ಅದೂ ಸೋಲುತ್ತದೆ. ಆ್ಯಪ್‌ನಲ್ಲಿ ಸಿಗ್ನಲ್ ಮೈನಸ್ 65 ಡಿಬಿಎಂ ಹತ್ತಿರ ಇದ್ದರೆ ನಿಶ್ಚಿಂತೆ, ಮೈನಸ್ 75 ದಾಟಿ ಮೈನಸ್ 80ರ ಕಡೆ ಹೋದರೆ ವಿಡಿಯೊ ನಿಂತು ನಿಂತು ಬರುತ್ತದೆ.

ಆಮೇಲೆ ನಡೆದು ನೋಡುವುದು. ಒಬ್ಬರು ಗೇಟು ತೆಗೆದು ಮಾಮೂಲಿ ನಡಿಗೆಯಲ್ಲಿ ಬರಲಿ. ನಿಮ್ಮ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಇರಿ. ದೂರದ ಊರಿನಲ್ಲಿದ್ದಾಗ ಅಲರ್ಟ್ ಬರುವುದು ಹೀಗೇ ಅಲ್ವಾ? ಅವರು ಯಾವ ಜಾಗಕ್ಕೆ ಬಂದಾಗ ಫೋನ್ ಸದ್ದು ಮಾಡಿತು ನೋಡಿ. ಬಾಗಿಲು ಮುಟ್ಟಿದ ಮೇಲೆ ಬಂದರೆ ಕೋನ ಬದಲಾಯಿಸಿ ಮತ್ತೆ ನಡೆಸಿ. ಇದನ್ನೇ ರಾತ್ರಿ ಅಂಗಳದ ಲೈಟ್ ಆರಿಸಿ ಮಾಡಿ. ನಡೆಯುವಾಗ ಮುಖ ಮಸುಕಾಗುತ್ತಾ, ಹತ್ತಿರ ಬಂದಾಗ ಬೆಳ್ಳಗೆ ಬೆಳಗುತ್ತಾ ಎಂದು ಕ್ಲಿಪ್ ನಿಲ್ಲಿಸಿ ನೋಡಿ. ಲೆನ್ಸಿನ ಪಕ್ಕದಲ್ಲೇ ಬಿಳಿ ಗೋಡೆ ಇದ್ದರೆ, ಕತ್ತಲಲ್ಲಿ ನೋಡಲು ಕ್ಯಾಮೆರಾ ಬಿಡುವ ಇನ್‌ಫ್ರಾರೆಡ್ ಬೆಳಕು ಅದಕ್ಕೆ ಬಡಿದು ವಾಪಸಾಗಿ ಅಂಗಳವೆಲ್ಲ ಕಪ್ಪಾಗುತ್ತದೆ. ಜೇಡನ ಬಲೆಯದು ಇನ್ನೊಂದು ಕಾಟ. ಕ್ಯಾಮೆರಾದ ಹತ್ತಿರ ಹುಳ ಬರುತ್ತದೆ, ಹುಳ ಹಿಡಿಯಲು ಜೇಡ ಬರುತ್ತದೆ. ಹಗಲಲ್ಲಿ ಕಣ್ಣಿಗೂ ಬೀಳದ ಒಂದೆಳೆ ರಾತ್ರಿ ಪರದೆ ತುಂಬ ಬಿಳಿ ಪಟ್ಟಿಯಾಗಿ ಅಲ್ಲಾಡುತ್ತದೆ. ಕರೆಂಟಿನಲ್ಲಿ ನಡೆಯುವ ಕ್ಯಾಮೆರಾ ಚಿತ್ರದ ಅಲುಗಾಟ ನೋಡಿಯೇ ಅಲರ್ಟ್ ಕೊಡುವುದರಿಂದ ಫೋನ್ ಇಡೀ ರಾತ್ರಿ ಬಡಿದುಕೊಳ್ಳುತ್ತದೆ. ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ.

ಮೇನ್ ಸ್ವಿಚ್ ಆಫ್ ಮಾಡಿಯೂ ಒಮ್ಮೆ ನೋಡಬೇಕು. ಬ್ಯಾಟರಿ ಕ್ಯಾಮೆರಾ ಎಚ್ಚರವಾಗಿಯೇ ಇರುತ್ತದೆ, ರೂಟರ್ ಸತ್ತಿರುತ್ತದೆ. ಅಲರ್ಟ್ ಬರುವುದಿಲ್ಲ. ರೂಟರ್‌ಗೂ ಫೈಬರ್ ಡಬ್ಬಿಗೂ ಸೇರಿಸಿ ಒಂದು ಮಿನಿ ಯುಪಿಎಸ್ ಹಾಕಿ. ಇದಕ್ಕೆ ದುಡ್ಡು ಉಳಿಸಬೇಡಿ.

ಅಡಿಕೆ ಒಣಗಿಸುವ ಅಂಗಳ, ತೋಟದ ಪಂಪ್‌ಸೆಟ್ ಮನೆ ಇಂಥ ಕಡೆ ವೈಫೈ ಮುಟ್ಟದಿದ್ದರೆ ಸಿಮ್ ಹಾಕುವ 4ಜಿ ಕ್ಯಾಮೆರಾ ಬೇಕಾಗುತ್ತದೆ. 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ವಿಡಿಯೊ ಗಂಟೆಗೆ 900 ಎಂಬಿ ತಿನ್ನುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಲಾನ್ ಎರಡು ಗಂಟೆ ಲೈವ್ ನೋಡುವುದರೊಳಗೆ ಖಾಲಿ.

ಪಾಸ್‌ವರ್ಡ್ ಮೊದಲ ದಿನವೇ ಬದಲಾಯಿಸಿ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್‌ (ವಿಡಿಯೊ ಉಳಿಸುವ ಡಬ್ಬಿ) ಗಳೊಳಗೆ ನುಗ್ಗಿದ್ದು ಕಂಪನಿಯವರು ಕೊಟ್ಟ ಪಾಸ್‌ವರ್ಡ್ ಹಾಗೇ ಇದ್ದದ್ದರಿಂದ. ನಮ್ಮಲ್ಲಿ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತೆಯ ಪರೀಕ್ಷೆ ಕಡ್ಡಾಯವಾಗಿದೆ. ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಇದೆಯಾ ನೋಡಿ. ಪಕ್ಕದ ಮನೆಯ ಬಚ್ಚಲು, ಕಿಟಕಿ ಚಿತ್ರದೊಳಗೆ ಬಂದರೆ ಆ್ಯಪ್‌ನ ಪ್ರೈವೆಸಿ ಮಾಸ್ಕ್ ಹಾಕಿ ಮುಚ್ಚಿ, ಮುಚ್ಚಿದ್ದನ್ನು ಅವರಿಗೇ ತೋರಿಸಿ. ಕೇಳುವ ತನಕ ಕಾಯಬಾರದು.

ಕಳ್ಳತನ ಆಗೇ ಹೋದರೆ ಕ್ಲಿಪ್ ವಾಟ್ಸ್ಆ್ಯಪ್‌ನಲ್ಲಿ ಹಂಚಿ ಸುಮ್ಮನಾಗಬೇಡಿ. ಅದು ವಿಡಿಯೊವನ್ನು ಕುಗ್ಗಿಸುತ್ತದೆ, ಮುಖ ಇನ್ನಷ್ಟು ಮಸುಕಾಗುತ್ತದೆ. ಕಾರ್ಡ್ ತುಂಬಿದ ಮೇಲೆ ಕ್ಯಾಮೆರಾ ಹಳೆಯದರ ಮೇಲೆಯೇ ಬರೆಯುತ್ತಾ ಹೋಗುವುದರಿಂದ ಆ ಮೆಮೊರಿ ಕಾರ್ಡ್ ಹೊರತೆಗೆದು ಇಟ್ಟು, ಬೇರೆ ಕಾರ್ಡ್ ಹಾಕಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ವಿಡಿಯೊ ಕೋರ್ಟಿಗೆ ಹೋಗುವಾಗ ಜೊತೆಗೊಂದು ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆಯೂ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಗುರುತು) ಇರಬೇಕು. ಮೂಲ ಫೈಲ್ ಕೈಯಲ್ಲಿದ್ದರೆ ಪೊಲೀಸರಿಗೂ ಕೆಲಸ ಸಲೀಸು. ಕ್ಯಾಮೆರಾದ ದಿನಾಂಕ, ಸಮಯ ಸರಿ ಇದೆಯಾ ಎಂದು ಇವತ್ತೇ ನೋಡಿಕೊಳ್ಳಿ.