ಗೆಜೆಟ್‌ಗೆ ಬಾರದ ದಿನಾಂಕ: ಮುಂಜಾಗ್ರತಾ ಬಂಧನದ ಹಿನ್ನೆಲೆ

ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಯಾರನ್ನಾದರೂ ಬಂಧಿಸಿದಾಗಲೆಲ್ಲ, ವಿಚಾರಣೆಯಿಲ್ಲದೆ ಎಷ್ಟು ಕಾಲ ಸೆರೆಯಲ್ಲಿಡಬಹುದು ಎಂಬ ಪ್ರಶ್ನೆ ಏಳುತ್ತದೆ. ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ಪರಿಶೀಲಿಸುವ ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆ ಮೂರು ತಿಂಗಳು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಈ ಅವಧಿಯನ್ನು ಎರಡು ತಿಂಗಳಿಗೆ ಇಳಿಸುವ ತಿದ್ದುಪಡಿಯನ್ನು ಸಂಸತ್ತು 1978ರಲ್ಲೇ ಅಂಗೀಕರಿಸಿದ್ದರೂ ಅದು ಇನ್ನೂ ಜಾರಿಗೆ ಬಂದಿಲ್ಲ.

ಒಂದು ವರ್ಷದ ಮಟ್ಟಿಗೆಂದು 1950ರಲ್ಲಿ ತಂದ ಮುಂಜಾಗ್ರತಾ ಬಂಧನ ಕಾಯ್ದೆ, ವಿಸ್ತರಣೆಯ ಮೇಲೆ ವಿಸ್ತರಣೆ ಪಡೆದು 1969ರ ಕೊನೆಯವರೆಗೂ ಬಾಳಿತು. 1971ರಲ್ಲಿ ಮೀಸಾ (ಆಂತರಿಕ ಭದ್ರತಾ ನಿರ್ವಹಣಾ ಕಾಯ್ದೆ) ಬಂತು. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರು ತಮ್ಮ ಬಂಧನವನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿನ ಮೊರೆ ಹೋದರು. ಇಂಥ ಅರ್ಜಿಗಳನ್ನು ಆಲಿಸಬಹುದೇ ಎಂಬುದು ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಪೊಲೀಸನೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು, ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲವೆಂದೇ ಸರ್ಕಾರದ ಪರ ವಕೀಲರು ಉತ್ತರಿಸಿದರು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ವಾದವನ್ನು ಒಪ್ಪಿದರು, ಖನ್ನಾ ಒಬ್ಬರೇ ಒಪ್ಪಲಿಲ್ಲ. (ಆ ತೀರ್ಪನ್ನು ನ್ಯಾಯಾಲಯವೇ ರದ್ದುಪಡಿಸಿದ್ದು 2017ರಲ್ಲಿ.)

ಈ ಅನುಭವದಿಂದ ಹುಟ್ಟಿದ್ದೇ 1978ರ ಆ ತಿದ್ದುಪಡಿ, ಸಂವಿಧಾನದ 44ನೆಯದು. ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ಹಕ್ಕುಗಳನ್ನು (ಶಿಕ್ಷೆ ವಿಧಿಸುವಾಗಿನ ರಕ್ಷಣೆ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ) ಅಮಾನತಿನಲ್ಲಿಡುವಂತಿಲ್ಲ ಎಂಬ ಭಾಗ 1979ರಲ್ಲೇ ಜಾರಿಯಾಯಿತು. ಬಂಧನದ ಅವಧಿಗೆ ಸಂಬಂಧಿಸಿದ ತಿದ್ದುಪಡಿಯ ಮೂರನೇ ಸೆಕ್ಷನ್ ಮಾತ್ರ ಹಾಗೆಯೇ ಉಳಿಯಿತು. ಅವಧಿ ಇಳಿಸುವುದಷ್ಟೇ ಅದರ ಉದ್ದೇಶವಾಗಿರಲಿಲ್ಲ: ಸಲಹಾ ಮಂಡಳಿಯನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನಂತೆ ರಚಿಸಬೇಕು, ಅದರ ಅಧ್ಯಕ್ಷರು ಹಾಲಿ ನ್ಯಾಯಮೂರ್ತಿಯಾಗಿರಬೇಕು, ಸದಸ್ಯರು ಹಾಲಿ ಇಲ್ಲವೇ ನಿವೃತ್ತ ನ್ಯಾಯಮೂರ್ತಿಗಳಾಗಿರಬೇಕು ಎಂದೂ ಅದು ಹೇಳುತ್ತದೆ.

ತೊಡಕು ಇದ್ದದ್ದು ತಿದ್ದುಪಡಿಯ ಮೊದಲ ಸೆಕ್ಷನ್‌ನಲ್ಲೇ. ಯಾವ ಭಾಗ ಯಾವ ದಿನದಿಂದ ಜಾರಿ ಎಂಬುದನ್ನು ಅಧಿಸೂಚನೆಯ ಮೂಲಕ ತಿಳಿಸುವ ಅಧಿಕಾರವನ್ನು ಅದು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಕಾರ್ಯಾಂಗಕ್ಕೆ ಕಡಿವಾಣ ಹಾಕಬೇಕಾದ ನಿಯಮದ ಗಡುವನ್ನು ಕಾರ್ಯಾಂಗವೇ ನಿರ್ಧರಿಸುವಂತಾಯಿತು. ರಾಷ್ಟ್ರೀಯ ಭದ್ರತಾ ಕಾಯ್ದೆಯನ್ನು ಪ್ರಶ್ನಿಸಿದ ಎ.ಕೆ. ರಾಯ್ ಪ್ರಕರಣದಲ್ಲಿ 1981ರ ಡಿಸೆಂಬರಿನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ದಿನಾಂಕ ಗೊತ್ತುಪಡಿಸುವಂತೆ ಸರ್ಕಾರಕ್ಕೆ ಆದೇಶಿಸಲಾಗದೆಂದು ಬಹುಮತದಿಂದ ಹೇಳಿತು. ಅಲ್ಲಿಂದೀಚೆಗೆ ಕೇಂದ್ರದಲ್ಲಿ ಎಲ್ಲ ಬಣ್ಣದ ಸರ್ಕಾರಗಳೂ ಬಂದು ಹೋಗಿವೆ.

ಹೀಗಾಗಿ ಇಂದಿಗೂ ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಸಹಿ ಹಾಕಿದ ಆದೇಶ ಮೂರು ವಾರದೊಳಗೆ ಹಳೆಯ ಮಾದರಿಯ ಮಂಡಳಿಯ ಮುಂದೆಯೇ ಬರುತ್ತದೆ. ಬಂಧಿತನಿಗೆ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿಲ್ಲ, ಮಂಡಳಿ ಒಪ್ಪಿದರೆ ಸೆರೆ ಹನ್ನೆರಡು ತಿಂಗಳವರೆಗೂ ಮುಂದುವರಿಯಬಹುದು.