‘ಅಧ್ಯಕ್ಷರ ಅಪ್ಪಣೆ ಮೇರೆಗೆ’ ಬೈಲಾ ತಿದ್ದಬಹುದೇ?

ಪ್ರಶ್ನೆ: ನಮ್ಮೂರ ಪತ್ತಿನ ಸಹಕಾರ ಸಂಘದ ಮಹಾಸಭೆ ಆಯಿತು. ನೋಟಿಸಿನಲ್ಲಿ ಬೈಲಾ (ಸಂಘದ ಒಳನಿಯಮ) ತಿದ್ದುಪಡಿಯ ಮಾತೇ ಇರಲಿಲ್ಲ. ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಎಂದು ಹೇಳಿ, ಬೈಲಾ ತಿದ್ದಿ ಕನಿಷ್ಠ ಷೇರು ಹಣ ಹೆಚ್ಚಿಸುವ ಠರಾವು ಓದಿ ಪಾಸ್ ಮಾಡಿಬಿಟ್ಟರು. ಇದು ನಡೆಯುತ್ತದೆಯೇ?
– ಕಾರಟಗಿ ಭಾಗದ ರೈತರೊಬ್ಬರು

ನಡೆಯಬಾರದು. ಮೊದಲು ಒಂದು ಸಮಾಧಾನದ ಮಾತು: ನಿಮ್ಮ ಷೇರು ಹಣ ಇನ್ನೂ ಹೆಚ್ಚಾಗಿಲ್ಲ.

ನಿಮ್ಮ ಸಂಘ ನಿಜಾಮರ ಕಾಲದ್ದೇ ಆಗಿರಲಿ, ಈಗ ಅದಕ್ಕೆ ಅನ್ವಯಿಸುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ. ಅದರ 12ನೇ ಕಲಂ ಪ್ರಕಾರ, ಸಹಕಾರ ಇಲಾಖೆಯಲ್ಲಿ ನೋಂದಣಿ ಆಗುವವರೆಗೆ ಯಾವ ಬೈಲಾ ತಿದ್ದುಪಡಿಗೂ ಬೆಲೆ ಇಲ್ಲ. ಸಭೆಯ ಠರಾವು ಬರೀ ಮೊದಲ ಹೆಜ್ಜೆ. (ಸೌಹಾರ್ದ ಸಹಕಾರಿಗಳಿಗೆ 1997ರ ಕಾಯ್ದೆ, ಯುವಕ ಸಂಘ, ಮಹಿಳಾ ಮಂಡಳಿಗಳಿಗೆ 1960ರ ಸಂಘಗಳ ನೋಂದಣಿ ಕಾಯ್ದೆ. ಅವುಗಳ ಲೆಕ್ಕ ಬೇರೆ.)

ಇನ್ನು ಆ ‘ಅಪ್ಪಣೆ’ಯ ವಿಷಯ. ಸಂಘದ ನಡಾವಳಿ ಬರೆಯುತ್ತ ವರ್ಷಗಟ್ಟಲೆ ನಾನು ಕಂಡದ್ದು ಇದು: ಬೆಳಿಗ್ಗೆ ಒಗ್ಗರಣಿ-ಮಿರ್ಚಿ ತಿಂದು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಜಮಾ-ಖರ್ಚು ಓದಿ ಮುಗಿಸುವಷ್ಟರಲ್ಲಿ ಅರ್ಧ ಜನ ಗದ್ದೆಗೆ ಹೊರಟಿರುತ್ತಾರೆ. ಮಹಾಸಭೆ ನಡೆಯುವ ಸೆಪ್ಟೆಂಬರ್ ಎಂದರೆ ಭತ್ತಕ್ಕೆ ಗೊಬ್ಬರ ಚೆಲ್ಲುವ, ಕಾಲುವೆ ನೀರು ಕಾಯುವ ಹೊತ್ತು. ಅವರ ತಪ್ಪಿಲ್ಲ. ನೋಟಿಸು ನೋಡಿ, ತಮ್ಮ ಜೇಬಿಗೆ ಕೈ ಹಾಕುವ ವಿಷಯ ಯಾವುದೂ ಇಲ್ಲವೆಂದು ನಂಬಿ ಎದ್ದವರು ಅವರು. ಅಂಥವರ ಬೆನ್ನ ಹಿಂದೆ ಷೇರು ಹಣ ಏರಿಸಿದರೆ ಎರಡೆಕರೆಯ ರೈತ ಏನು ಮಾಡಬೇಕು? ನೋಟಿಸು ಕೊಡುವ ಪದ್ಧತಿ ಹುಟ್ಟಿದ್ದೇ ಇದಕ್ಕಾಗಿ. ಗೋಡೌನ್ ಸೋರುತ್ತಿದೆ, ಯೂರಿಯಾ ತಡವಾಯಿತು, ತೀರಿಕೊಂಡ ಸದಸ್ಯರಿಗೆ ಸಂತಾಪ – ಅಪ್ಪಣೆ ಮೇರೆಗೆ ಬರಬೇಕಾದವು ಇಂಥವು. ಸಂಘದ ಕಟ್ಟಳೆಯನ್ನೇ ಬದಲಿಸುವುದಲ್ಲ. ತಿದ್ದುಪಡಿಗೆ ಎಷ್ಟು ದಿನ ಮುಂಚೆ ತಿಳಿಸಬೇಕು, ಎಷ್ಟು ಮತ ಬೇಕು, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಎಷ್ಟು ಎಂಬುದಕ್ಕೆ ನಿಮ್ಮ ಬೈಲಾದ ಪ್ರತಿ ಕೇಳಿ ಪಡೆದು ಓದಿ.

ನಡಾವಳಿ ಪುಸ್ತಕವನ್ನೂ ನೋಡಿ. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಬರೆಯುವುದು ಕೈಗೆ ರೂಢಿಯಾಗಿಬಿಟ್ಟಿರುತ್ತದೆ. ಒಬ್ಬರು ಎದ್ದು ಬೇಡ ಎಂದಿದ್ದರೂ ಆ ಮಾತು ಸುಳ್ಳು. ನೀವು ವಿರೋಧಿಸಿದ್ದರೆ ಅದನ್ನು ದಾಖಲಿಸಿ ಎಂದು ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಸೀಲು, ತಾರೀಖು ಹಾಕಿಸಿಕೊಳ್ಳಿ.

ಆದರೆ ಸಂಘದ ಕಚೇರಿಯಲ್ಲೇ ವಾದ ಮಾಡುತ್ತ ದಿನ ಕಳೆಯಬೇಡಿ. ತಿದ್ದುಪಡಿ ನೋಂದಣಿ ಆಗುವ ಮೊದಲೇ ನಿಮ್ಮ ಉಪವಿಭಾಗದ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ಲಿಖಿತ ಆಕ್ಷೇಪಣೆ ತಲುಪಬೇಕು. ನಾಲ್ಕಾರು ಸದಸ್ಯರು ಸೇರಿ, ಸದಸ್ಯತ್ವ ಸಂಖ್ಯೆ ಬರೆದು ಸಹಿ ಮಾಡಿದರೆ ಇನ್ನೂ ಒಳ್ಳೆಯದು. ನೋಂದಣಿ ಆಗಿಹೋದರೆ ಮೇಲ್ಮನವಿ, ವ್ಯಾಜ್ಯ ಎಂದು ಬಹಳ ಅಲೆಯಬೇಕಾಗುತ್ತದೆ.

ಅರ್ಜಿಯ ಜೊತೆ ಸಭೆಯ ನೋಟಿಸಿನ ಜೆರಾಕ್ಸ್ ಲಗತ್ತಿಸಿ. ಅಸಲು ಹಾಳೆಯನ್ನು ಯಾರ ಕೈಗೂ ಕೊಡಬೇಡಿ. ವಿಷಯಪಟ್ಟಿಯಲ್ಲಿ ತಿದ್ದುಪಡಿ ಇರಲಿಲ್ಲ ಎಂಬುದಕ್ಕೆ ಅದೇ ನಿಮ್ಮ ಸಾಕ್ಷಿ.